ನಾಯಿಮನೆಗೆ ಒಪ್ಪಿಗೆ ಪಡೆದ ಮೂರೂವರೆ ವರ್ಷ

ಕಳೆದ ತಿಂಗಳು ಸ್ಥಳೀಯಾಡಳಿತವಾದ ಕೌನ್ಸಿಲ್‌ನ ಯೋಜನಾ ವಿಭಾಗದಿಂದ ಎರಡು ಸಾಲಿನ ಮಿಂಚಂಚೆಯೊಂದು ಬಂದಿತು. ನಮ್ಮ ಕಟ್ಟಡಕ್ಕೆ ವಿಧಿಸಿದ್ದ ಹನ್ನೊಂದು ಷರತ್ತುಗಳಲ್ಲಿ ಕೊನೆಯದೂ ಈಡೇರಿದೆ ಎಂಬುದಷ್ಟೇ ಅದರ ಒಕ್ಕಣೆ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಪೂರ್ವ ಭಾಗದ ಹಳ್ಳಿಯೊಂದರ ಅಂಚಿನಲ್ಲಿ, ಬೇಟೆನಾಯಿಗಳನ್ನು ಸಾಕುವುದಕ್ಕೆಂದೇ ಕಟ್ಟಿದ ಹಳೆಯ ಕೆನೆಲ್ ಒಂದನ್ನು, ಅದಕ್ಕೆ ಅಂಟಿಕೊಂಡ ಕೆಲಸಗಾರನ ಪುಟ್ಟ ಮನೆಯ ಸಮೇತ, ನಾನೂ ನನ್ನ ಪತಿಯೂ 2021ರ ಅಕ್ಟೋಬರ್‌ನಲ್ಲಿ ಕೊಂಡಿದ್ದೆವು. ಒಂದೂವರೆ ವರ್ಷದಲ್ಲಿ ಅಲ್ಲಿ ವಾಸಕ್ಕೆ ಹೋಗುತ್ತೇವೆಂದು ಬಂಧುಮಿತ್ರರಿಗೆಲ್ಲ ಹೇಳಿಕೊಂಡು ಬಂದಿದ್ದೆವು. ಹಿಡಿದದ್ದು ಮೂರೂವರೆ ವರ್ಷ. ಊರಿಗೆ ಫೋನ್ ಮಾಡಿ ಸುದ್ದಿ ತಿಳಿಸಿದ ದಿನ ಅಪ್ಪ, "ಅಲ್ಲ ಪುಟ್ಟಿ, ಅಷ್ಟು ದೂರ ಹೋಗಿ ನಾಯಿ ಕೊಟ್ಟಿಗೆ ಕೊಂಡ್ಯಾ?" ಎಂದು ಕೇಳಿದ್ದರು. ಆಗ ನಗು ಬಂದಿತ್ತು. ಅವರ ಪ್ರಶ್ನೆಯಲ್ಲಿದ್ದ "ಕೊಟ್ಟಿಗೆ" ಎಂಬ ಮಾತನ್ನು ಆಗಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಒಂದು ವರ್ಷವಾದರೂ ಉಳಿಯುತ್ತಿತ್ತೆಂದು ಈಗ ಅನ್ನಿಸುತ್ತದೆ.

ಈ ಸೀಮೆಯಲ್ಲಿ ನರಿಬೇಟೆಯ ಹೆಸರು ದೊಡ್ಡದು. ಹ್ಯೂಗೋ ಮೇನೆಲ್ ಎಂಬಾತ 1753ರಿಂದ ಕ್ವಾರ್ನ್ ಹಳ್ಳಿಯಲ್ಲಿ ನೆಲೆಸಿ, ಓಟದಲ್ಲಿ ವೇಗವಿರುವ ಹೌಂಡ್‌ಗಳನ್ನು, ಅಂದರೆ ಬೇಟೆನಾಯಿಗಳನ್ನು, ತಳಿ ಮಾಡಿದ ಮೇಲೆ ಕ್ವಾರ್ನ್, ಬೀವರ್, ಕಾಟ್ಸ್‌ಮೋರ್ ಎಂಬ ಬೇಟೆ ತಂಡಗಳ ನಡುವಿನ ಈ ಹುಲ್ಲುಗಾವಲು ಸಿರಿವಂತರ ಚಳಿಗಾಲದ ತಾಣವೇ ಆಯಿತು. ನಾವು ಕೊಂಡದ್ದು ಅಂಥ ಹೆಸರಾಂತ ತಂಡದ ಕೆನೆಲ್ ಅಲ್ಲ. ಜಮೀನ್ದಾರನೊಬ್ಬ ಮೊಲದ ಬೇಟೆಗೆಂದು ಸಾಕಿದ್ದ ಹ್ಯಾರಿಯರ್ ನಾಯಿಗಳಿಗೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದ, ಕೆಂಪು ಇಟ್ಟಿಗೆಯ, ವೇಲ್ಸ್‌ನ ಸ್ಲೇಟು ಹೊದಿಸಿದ ಸಣ್ಣ ಕಟ್ಟಡ ಅದು. ಬೇಟೆನಾಯಿಗಳನ್ನು ಇಲ್ಲಿ ಒಂಟಿಯಾಗಿ ಎಣಿಸುವುದಿಲ್ಲ, ಜೋಡಿಯಾಗಿಯೇ ಎಣಿಸುತ್ತಾರೆ. ನಮ್ಮದು ಹದಿನೈದು ಜೋಡಿಗೆ, ಅಂದರೆ ಮೂವತ್ತು ನಾಯಿಗಳಿಗೆ ಸಾಕಾಗುವಷ್ಟಿತ್ತು. ಆಮೇಲೆ ಕರುಗಳ ಕೊಟ್ಟಿಗೆಯಾಗಿ, ಟ್ರ್ಯಾಕ್ಟರ್ ಬಿಡಿಭಾಗಗಳ ಉಗ್ರಾಣವಾಗಿ ಬಳಕೆಯಾಗಿ, ಕೊನೆಗೆ ಹದಿನೈದು ವರ್ಷ ಪಾಳು ಬಿದ್ದಿತ್ತು. ಬೇಟೆಯ ಬಗ್ಗೆ ನನಗೆ ಒಲವಿಲ್ಲ. ಕಾಡುಪ್ರಾಣಿಗಳನ್ನು ನಾಯಿಗಳಿಂದ ಬೇಟೆಯಾಡಿಸುವುದನ್ನು ನಿಷೇಧಿಸಿದ 2004ರ ಕಾಯಿದೆ 2005ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಗೆ ಬಂದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಕಟ್ಟಡದ ಮೇಲಿನ ಪ್ರೀತಿ ಬೇರೆಯ ಮಾತು.

ಕಟ್ಟಡವು ಎರಡನೆಯ ದರ್ಜೆಯ ಸಂರಕ್ಷಿತ ಪಟ್ಟಿಯಲ್ಲಿದೆ ಎಂಬುದು ಕೊಳ್ಳುವ ಮೊದಲೇ ಗೊತ್ತಿತ್ತು. ಆ ಪಟ್ಟಿಯನ್ನು ನೋಡಿಕೊಳ್ಳುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿದರೆ ಯಾರಿಗೂ ಸಿಗುವ ಮಾಹಿತಿ ಅದು. ನಮ್ಮ ನಮೂದು 1980ರ ದಶಕದ ಸಮೀಕ್ಷೆಯ ಕಾಲದ್ದು, ಬರೀ ಐದು ಸಾಲು: ಇಟ್ಟಿಗೆ, ಸ್ಲೇಟು, ಕಬ್ಬಿಣದ ಕಂಬಿಬೇಲಿ. ಒಳಗಿನ ಸಂಗತಿ ಒಂದೂ ಅದರಲ್ಲಿರಲಿಲ್ಲವಾದ್ದರಿಂದ ಒಳಭಾಗವನ್ನು ನಮಗೆ ಬೇಕಾದಂತೆ ಬದಲಿಸಬಹುದೆಂದು ತಿಳಿದೆವು. ಇದು ನಮ್ಮ ಮೊದಲ ತಪ್ಪು. ವಿವರಣೆಯಲ್ಲಿ ಹೆಸರಿಸಿರಲಿ, ಬಿಟ್ಟಿರಲಿ, ಕಟ್ಟಡದ ಒಳಗೂ ಹೊರಗೂ ರಕ್ಷಣೆ ಅನ್ವಯಿಸುತ್ತದೆ. ಅಂಗಳದಲ್ಲಿ 1948ರ ಜುಲೈ 1ಕ್ಕಿಂತ ಮೊದಲಿನಿಂದ ಇರುವ ಪೂರಕ ಕಟ್ಟಡಗಳಿಗೂ ಗೋಡೆಗಳಿಗೂ ಅನ್ವಯಿಸುತ್ತದೆ. ಒಪ್ಪಿಗೆಯಿಲ್ಲದೆ ಕೈಹಾಕುವುದು ದಂಡ ತೆತ್ತು ಮುಗಿಸುವ ಲೋಪವಲ್ಲ, ಕ್ರಿಮಿನಲ್ ಅಪರಾಧ. ಕೊಟ್ಟಿಗೆ, ಕಣಜದಂಥ ಕೃಷಿ ಕಟ್ಟಡಗಳನ್ನು ವಾಸದ ಮನೆಯಾಗಿಸಲು ಇರುವ ಸುಲಭದ ದಾರಿಯ ಬಗ್ಗೆ ಸ್ನೇಹಿತರು ಹೇಳುವುದುಂಟು. ಸಂರಕ್ಷಿತ ಕಟ್ಟಡಗಳಿಗೆ ಆ ದಾರಿ ಮುಚ್ಚಿದೆ.

ಸಾಲದ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅಡುಗೆಮನೆ, ಶೌಚಾಲಯ ಎರಡೂ ಇಲ್ಲದ ಕಟ್ಟಡಕ್ಕೆ ಸಾಮಾನ್ಯ ಗೃಹಸಾಲ ಕೊಡಲು ನಾವು ಕೇಳಿದ ಮೂರು ಸಂಸ್ಥೆಗಳೂ ಒಪ್ಪಲಿಲ್ಲ. ಕೊನೆಗೆ ಇಂಥ ಕೆಲಸಗಳಿಗೇ ಸಾಲ ಕೊಡುವ ಒಂದು ಸಣ್ಣ ಸಂಸ್ಥೆ ಹೆಚ್ಚು ಬಡ್ಡಿಗೆ, ಕಂತುಕಂತಾಗಿ ಕೊಟ್ಟಿತು. ವಿಮೆಯೂ ಹಾಗೆಯೇ: ಯಾರೂ ವಾಸವಿಲ್ಲದ ಸಂರಕ್ಷಿತ ಕಟ್ಟಡವೆಂದ ಕೂಡಲೇ ಕಂತು ನಮ್ಮ ಅಂದಾಜಿನ ಮೂರು ಪಟ್ಟಾಯಿತು, ಜೊತೆಗೆ ವಾರಕ್ಕೊಮ್ಮೆ ಹೋಗಿ ನೋಡಿ ದಿನಚರಿಯಲ್ಲಿ ಬರೆದಿಡಬೇಕೆಂಬ ಷರತ್ತು. ಆ ದಿನಚರಿ ಮುಂದೆ ಬಹಳ ಉಪಯೋಗಕ್ಕೆ ಬಂದಿತು. ಮಳೆ ಬಂದ ಮರುದಿನ ಎಲ್ಲಿ ಒದ್ದೆ, ಎಲ್ಲಿ ಒಣಗಿತ್ತು ಎಂಬುದು ಅದರಲ್ಲಿ ದಾಖಲಾಗಿತ್ತು.

ಎರಡನೆಯ ತಪ್ಪು ಕೊಂಡ ತಿಂಗಳಿನದು. ಇಂಗ್ಲೆಂಡಿನಲ್ಲಿ ಬಾವಲಿಗಳ ಎಲ್ಲ ಜಾತಿಗಳಿಗೂ, ಅವು ಬೀಡುಬಿಡುವ ಜಾಗಗಳಿಗೂ ಕಾನೂನಿನ ರಕ್ಷಣೆಯಿದೆ. ಸಂಜೆ ಅವು ಹೊರಬೀಳುವುದನ್ನು ನೋಡಿ ಮಾಡುವ ಸಮೀಕ್ಷೆ ಮೇ ತಿಂಗಳಿನಿಂದ ಬೇಸಿಗೆಯ ಕೊನೆಯವರೆಗೆ ಮಾತ್ರ ನಡೆಯುತ್ತದೆ. ನಾವು ಅಕ್ಟೋಬರ್‌ನಲ್ಲಿ ಕೊಂಡಿದ್ದೆವು. ಅಂದರೆ ಏಳು ತಿಂಗಳು ಬಡ್ಡಿ ಕಟ್ಟುತ್ತ ಸುಮ್ಮನೆ ಕುಳಿತಿದ್ದೆವು. 2022ರ ಮೇ, ಜೂನ್, ಜುಲೈಗಳಲ್ಲಿ ಮೂರು ಸಂಜೆ ಪರಿಸರ ತಜ್ಞರು ಮಡಿಸುವ ಕುರ್ಚಿ ಹಾಕಿಕೊಂಡು ಅಂಗಳದಲ್ಲಿ ಕುಳಿತರು. ಚಾವಣಿಯ ಮಧ್ಯದಲ್ಲಿ ಗಾಳಿಗೆಂದು ಎತ್ತರಿಸಿದ ಮರದ ಪಟ್ಟಿಗಳ ಗೂಡಿನಿಂದ ಕಂದು ಬಣ್ಣದ ಉದ್ದಕಿವಿಯ ಬಾವಲಿಗಳು ಒಂದೊಂದಾಗಿ ಹೊರಬಂದವು. ನೋಡಲು ಚೆಂದವಿತ್ತು, ಬಿಲ್ಲು ಎರಡು ಸಾವಿರ ಪೌಂಡ್ ದಾಟಿತು. ಇಂಥ ಕಟ್ಟಡವನ್ನು ಕೊಳ್ಳುವವರು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಕೊಳ್ಳಲಿ, ಇಲ್ಲವೇ ಮಾರುವವರ ಅನುಮತಿ ಪಡೆದು ಕರಾರಿಗೆ ಮುಂಚೆಯೇ ಸಮೀಕ್ಷೆ ಮುಗಿಸಿಕೊಳ್ಳಲಿ.

2022ರ ಸೆಪ್ಟೆಂಬರ್‌ನಲ್ಲಿ ಮೊದಲ ಅರ್ಜಿ ಹಾಕಿದೆವು. ವಾಸ್ತವದಲ್ಲಿ ಅವು ಎರಡು ಅರ್ಜಿಗಳು. ಬಳಕೆ ಬದಲಾವಣೆಗೆ ಯೋಜನಾ ಅನುಮತಿ ಬೇಕು, ಅದಕ್ಕೆ ಆಗ 462 ಪೌಂಡ್ ಶುಲ್ಕ. ಕಟ್ಟಡದ ರೂಪವನ್ನು ಬದಲಿಸಲು ಸಂರಕ್ಷಿತ ಕಟ್ಟಡದ ಒಪ್ಪಿಗೆ ಬೇಕು, ಅದಕ್ಕೆ ಶುಲ್ಕವಿಲ್ಲ. ಎಂಟು ವಾರದಲ್ಲಿ ತೀರ್ಮಾನವಾಗಬೇಕೆಂಬುದು ನಿಯಮ. ಆರನೆಯ ವಾರದಲ್ಲಿ ಸಂರಕ್ಷಣಾ ಅಧಿಕಾರಿ ಸ್ಥಳಕ್ಕೆ ಬಂದರು. ನಮ್ಮ ನಕ್ಷೆಯಲ್ಲಿ ನಾಯಿಗಳು ಮಲಗುತ್ತಿದ್ದ ಎರಡು ಕೋಣೆಗಳ ನೆಲವನ್ನು ಸಮಮಟ್ಟ ಮಾಡಿ, ಕೆಳಗೆ ಬಿಸಿನೀರಿನ ಕೊಳವೆ ಹಾಕಿ, ನಡುವಿನ ಗೋಡೆಯನ್ನು ಒಡೆದು ಒಂದೇ ದೊಡ್ಡ ಪಡಸಾಲೆ ಮಾಡಲಾಗಿತ್ತು. ಮುಂದಿನ ಎರಡು ಅಂಗಳಗಳ ನಡುವಿನ ಗೋಡೆಯನ್ನೂ ಕಬ್ಬಿಣದ ಕಂಬಿಬೇಲಿಯನ್ನೂ ತೆಗೆದು ಕಾರು ನಿಲ್ಲಿಸುವ ಜಾಗ ತೋರಿಸಿದ್ದೆವು. ಅವರು ನಕ್ಷೆಯನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು: ಊಟ ಮುಗಿದ ಮೇಲೆ ನಾಯಿಗಳು ಯಾವ ಬಾಗಿಲಿನಿಂದ ಎಲ್ಲಿಗೆ ಹೋಗುತ್ತಿದ್ದವು? ನಮಗೂ ತಿಳಿಯದು, ನಮ್ಮ ವಾಸ್ತುಶಿಲ್ಪಿಗೂ ತಿಳಿಯದು. ಅರ್ಜಿಯನ್ನು ತಿರಸ್ಕರಿಸುವುದಕ್ಕಿಂತ ನೀವೇ ಹಿಂಪಡೆಯುವುದು ಒಳ್ಳೆಯದೆಂದು ಅವರು ಸೌಜನ್ಯದಿಂದಲೇ ಹೇಳಿ ಹೋದರು. ಆ ರಾತ್ರಿ ನಾವಿಬ್ಬರೂ ಮಾತಾಡಲಿಲ್ಲ.

ಹಿಂಪಡೆದ ಅರ್ಜಿಯನ್ನು ಹನ್ನೆರಡು ತಿಂಗಳೊಳಗೆ ಮತ್ತೆ ಹಾಕಿದರೆ ಶುಲ್ಕವಿಲ್ಲ ಎಂಬ ರಿಯಾಯಿತಿ ಆಗ ಇದ್ದದ್ದು ನಮ್ಮ ಪುಣ್ಯ. 2023ರ ಡಿಸೆಂಬರ್‌ನಿಂದ ಅದನ್ನು ತೆಗೆದುಹಾಕಿದ್ದಾರೆ. ಈಗ ಅರ್ಜಿ ಹಾಕುವವರು ಮೊದಲ ಸಲವೇ ಸರಿಯಾಗಿ ಹಾಕಬೇಕು. ಅರ್ಜಿಗೆ ಮುಂಚಿನ ಸಲಹೆಗೆಂದು ಕೌನ್ಸಿಲ್‌ಗಳು ಪ್ರತ್ಯೇಕ ಶುಲ್ಕ ಪಡೆಯುತ್ತವೆ. ದಂಡದ ಖರ್ಚೆಂದು ನಾವು ಬಿಟ್ಟಿದ್ದೆವು. ಬಿಡಬಾರದಾಗಿತ್ತು.

ಆ ಚಳಿಗಾಲವನ್ನು ನಾಯಿಮನೆಗಳನ್ನು ಓದುವುದರಲ್ಲಿ, ನೋಡುವುದರಲ್ಲಿ ಕಳೆದೆ. ಅರ್ಜಿಯೊಂದಿಗೆ ಸಲ್ಲಿಸಬೇಕಾದ ಪರಂಪರೆಯ ಹೇಳಿಕೆಯಲ್ಲಿ ಕಟ್ಟಡದ ಮಹತ್ವವೇನು ಎಂಬುದನ್ನು ಅರ್ಜಿದಾರರೇ ವಿವರಿಸಬೇಕು. ಮೊದಲ ಸಲ ನಾವು ಅದನ್ನು ಎರಡು ಪುಟದಲ್ಲಿ ಮುಗಿಸಿ, ಎರಡನ್ನೂ ಇಟ್ಟಿಗೆಯ ಬಣ್ಣ ಮತ್ತು ಕಿಟಕಿಗಳ ಅಳತೆಗೆ ಮೀಸಲಿಟ್ಟಿದ್ದೆವು. ಇಂಗ್ಲೆಂಡಿನ ಶ್ರೀಮಂತರು ತಮ್ಮ ಹೌಂಡ್‌ಗಳಿಗೆ ಎಂಥೆಂಥ ಮನೆ ಕಟ್ಟಿಸಿದರೆಂದು ತಿಳಿದಾಗ ಮೊದಲು ಬೆರಗಾಯಿತು. ಪೀಟರ್‌ಬರೋ ಬಳಿಯ ಮಿಲ್ಟನ್‌ನಲ್ಲಿ ನಾಯಿಮನೆಯನ್ನು ಮಧ್ಯಯುಗದ ಪಾಳುಬಿದ್ದ ಹೆಬ್ಬಾಗಿಲಿನಂತೆ ಕಾಣುವ ಹಾಗೆ ಬೇಕೆಂದೇ ಕಟ್ಟಿದ್ದಾರೆ. ಸಸೆಕ್ಸ್‌ನ ಗುಡ್‌ವುಡ್‌ನಲ್ಲಿ ರಿಚ್‌ಮಂಡ್‌ನ ಮೂರನೆಯ ಡ್ಯೂಕ್ 1787ರಲ್ಲಿ ಜೇಮ್ಸ್ ವ್ಯಾಟ್ ಎಂಬ ಆ ಕಾಲದ ಪ್ರಸಿದ್ಧ ವಾಸ್ತುಶಿಲ್ಪಿಯಿಂದ ಮಾಡಿಸಿದ ಕೆನೆಲ್ ದೂರದಿಂದ ನೋಡಿದರೆ ಹಳ್ಳಿಯ ಬಂಗಲೆಯಂತಿದೆ. ಅದರ ಕೋಣೆಗಳಿಗೆ ಬೆಂಕಿಯ ಶಾಖವನ್ನು ಹಾಯಿಸುವ ಏರ್ಪಾಡಿತ್ತು, ಡ್ಯೂಕ್‌ನ ಅರಮನೆಗೇ ಅಂಥ ಸೌಕರ್ಯ ಬಂದದ್ದು ಎಷ್ಟೋ ಕಾಲದ ಮೇಲೆ. ಈಗ ಅದು ಗಾಲ್ಫ್ ಕ್ಲಬ್ಬಿನ ಮನೆ. ನಾನು ಹೊರಗಿನಿಂದ ನೋಡಿ ಬಂದೆ. ಜಾನ್ ಸೋನ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ ತನ್ನ ತಾರುಣ್ಯದಲ್ಲಿ, ರೋಮ್‌ನಲ್ಲಿದ್ದಾಗ, ಬಿಷಪ್ ಒಬ್ಬರಿಗಾಗಿ ಗುಮ್ಮಟವಿರುವ ಶ್ವಾನನಿವಾಸವನ್ನು ಬರೆದುಕೊಟ್ಟಿದ್ದನಂತೆ. ಅದು ಕಾಗದದಲ್ಲೇ ಉಳಿಯಿತು.

ಆದರೆ ಈ ಬೆಡಗಿನಿಂದ ನಮ್ಮ ಕಟ್ಟಡ ಅರ್ಥವಾಗಲಿಲ್ಲ. ಅರ್ಥವಾಗತೊಡಗಿದ್ದು ಡಾರ್ಸೆಟ್‌ನ ಪೀಟರ್ ಬೆಕ್‌ಫರ್ಡ್ 1781ರಲ್ಲಿ ಬೇಟೆಯ ಬಗ್ಗೆ ಪ್ರಕಟಿಸಿದ ಪತ್ರಗಳಲ್ಲಿ ಕೆನೆಲ್ ಕುರಿತ ಪತ್ರವನ್ನು ಓದಿದಾಗ. ನಾಯಿಗಳು ಮಲಗಲು ಎರಡು ಕೋಣೆಗಳು ಇರಲೇಬೇಕೆನ್ನುತ್ತಾನೆ ಆತ. ಒಂದೇ ಇದ್ದರೆ ಅದು ವಾಸನೆಯಿಲ್ಲದೆ ಇರುವುದು ಅಪರೂಪ. ತೊಳೆಯುವಾಗಲೂ, ತೊಳೆದು ಒಣಗುವವರೆಗೂ ಚಳಿಗಾಲದಲ್ಲಿ ನಾಯಿಗಳು ನರಳುತ್ತವೆ. ನಾವು ಒಡೆಯಲು ಹೊರಟಿದ್ದ ನಡುಗೋಡೆ ಅಲ್ಲಿರುವುದು ಅದಕ್ಕಾಗಿ! ಒಂದು ಕೋಣೆ ತೊಳೆದು ಒಣಗುವವರೆಗೆ ಇಡೀ ತಂಡ ಇನ್ನೊಂದರಲ್ಲಿ ಇರುತ್ತಿತ್ತು. ಎರಡಕ್ಕೂ ಒಂದೊಂದು ಅಂಗಳ. ತೇವದ ಭಯ ಆ ಜನರಿಗೆ ಎಷ್ಟಿತ್ತೆಂದರೆ, ನಾಯಿಗಳ ಕೀಲು ಹಿಡಿದು ಕುಂಟುವ ಬೇನೆಗೆ "ಕೆನೆಲ್ ಕುಂಟು" ಎಂದೇ ಹೆಸರಿತ್ತು, ಅದಕ್ಕೆ ಕಟ್ಟಡದ ತೇವವೇ ಕಾರಣವೆಂದು ನಂಬಿದ್ದರು. ಮಲಗುವ ಹಲಗೆಗಳನ್ನು ನೆಲದಿಂದ ಎತ್ತರಿಸಿ, ತೊಳೆಯುವಾಗ ಗೋಡೆಗೆ ಮಡಚಿ ನಿಲ್ಲಿಸುವಂತೆ ಬಿಜಾಗರಿ ಹಾಕಿ, ಮೇಲೆ ಗಾಳಿಗೂಡು ಇಟ್ಟು, ಕಿಟಕಿಗಳನ್ನು ಎತ್ತರದಲ್ಲಿ ಕೂರಿಸಿದ್ದೆಲ್ಲ ಆ ಒಂದೇ ಭಯದಿಂದ.

ಒಂದು ಭಾನುವಾರ ಬಕೆಟ್ ಹಿಡಿದು ಮಲಗುಕೋಣೆಯ ಹಳೆಯ ನೀಲಿ ಇಟ್ಟಿಗೆಯ ನೆಲ ತೊಳೆಯುತ್ತಿದ್ದಾಗ, ನೀರು ತಾನೇ ತಾನಾಗಿ ಒಂದು ಮೂಲೆಗೆ ಹರಿದು, ಬಾಗಿಲ ಕೆಳಗಿನ ಕಾಲುವೆ ಹಿಡಿದು, ಅಂಗಳದ ಮೋರಿಗೆ ಸೇರಿತು. ನಾವು ಸವೆತವೆಂದು ಎಣಿಸಿದ್ದ ಇಳಿಜಾರು ಸವೆತವಾಗಿರಲಿಲ್ಲ, ವಾಟ ಕೊಟ್ಟ ನೆಲ ಅದು. ನಮ್ಮ ಮಲೆನಾಡಿನ ಮನೆಯ ಕೊಟ್ಟಿಗೆಗೂ ಗಂಜಲ ಹರಿದುಹೋಗಲೆಂದು ಅಪ್ಪ ಇದೇ ರೀತಿ ವಾಟ ಕೊಡಿಸಿದ್ದರು. ಅದನ್ನು ಸಮ ಮಾಡುವುದೆಂದರೆ ಕಟ್ಟಡದ ಅರ್ಥವನ್ನೇ ಅಳಿಸುವುದೆಂದು ಅಧಿಕಾರಿ ಹೇಳಲು ಬಂದದ್ದು ಆಗ ತಿಳಿಯಿತು. ಅವರ ಪ್ರಶ್ನೆಗೂ ಉತ್ತರ ಹೊಳೆಯಿತು: ಅಂಬಲಿ ಬೇಯಿಸುವ ಕೋಣೆಯಿಂದ ಊಟದ ಕೋಣೆ, ಅಲ್ಲಿಂದ ಹುಲ್ಲಿನ ಅಂಗಳ, ಅಲ್ಲಿಂದ ಒಣಗಿದ ಮಲಗುಕೋಣೆ. ಬಂದ ದಾರಿಯಲ್ಲಿ ಹಿಂತಿರುಗುವಂತಿಲ್ಲ. ಓಟ್ಸ್ ಅಂಬಲಿಗೆ ಸುತ್ತಲಿನ ರೈತರ ಸತ್ತ ದನ, ಕುದುರೆಗಳ ಮಾಂಸವನ್ನು ಬೇಯಿಸಿ ಬೆರೆಸುತ್ತಿದ್ದ ದೊಡ್ಡ ಹಂಡೆಯ ಇಟ್ಟಿಗೆ ಒಲೆ ಈಗಲೂ ಹಾಗೆಯೇ ಇತ್ತು. ಮಾಂಸದ ಕೋಣೆಯನ್ನು ಗಾಳಿಯ ದಿಕ್ಕು ನೋಡಿ ದೂರದಲ್ಲಿ ಇಟ್ಟಿದ್ದರು.

ದಾಖಲೆಗಳ ವಿಷಯವಾಗಿ ಒಂದು ಮಾತು. ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ ನಕ್ಷೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ನಮ್ಮ ಕಟ್ಟಡ 1880ರ ದಶಕದ, ಮೈಲಿಗೆ ಇಪ್ಪತ್ತೈದು ಅಂಗುಲದ ನಕ್ಷೆಯಲ್ಲಿ "ಕೆನೆಲ್ಸ್" ಎಂಬ ಬರಹದೊಂದಿಗೆ, ಅಂಗಳದ ಗೆರೆಗಳ ಸಮೇತ ಇದೆ. ವಿಗ್‌ಸ್ಟನ್‌ನ ಜಿಲ್ಲಾ ದಾಖಲೆ ಕಚೇರಿಯಲ್ಲಿ ನೋಡಿದ 1840ರ ದಶಕದ ತೆರಿಗೆ ನಕ್ಷೆಯಲ್ಲಿ ಅದೇ ಜಾಗ ಬರಿಯ ಹೊಲ. ಅಷ್ಟರಿಂದಲೇ ಕಟ್ಟಿದ ಕಾಲ ಸಾಕಷ್ಟು ನಿಖರವಾಯಿತು. ಆ ಕಚೇರಿಯಲ್ಲಿ ಪೆನ್ನು ಬಳಸುವಂತಿಲ್ಲ, ಪೆನ್ಸಿಲ್ ಒಯ್ಯಿರಿ. ಗುರುತಿನ ಚೀಟಿಯನ್ನೂ ಮರೆಯಬೇಡಿ. ನಾನು ಮರೆತು ಒಂದು ದಿನದ ರಜೆ ವ್ಯರ್ಥ ಮಾಡಿದೆ.

2023ರ ಜುಲೈನಲ್ಲಿ ಎರಡನೆಯ ಅರ್ಜಿ ಹೋಯಿತು. ಪರಂಪರೆಯ ಹೇಳಿಕೆ ಈ ಸಲ ಮೂವತ್ತೊಂದು ಪುಟ. ತಜ್ಞರೊಬ್ಬರಿಗೆ 1,900 ಪೌಂಡ್ ಕೊಟ್ಟು ಅದನ್ನು ತಿದ್ದಿಸಿದೆವು. ಒಂದು ಮಲಗುಕೋಣೆಯನ್ನು ವಾಟದ ನೆಲ, ಮಡಚುವ ಹಲಗೆಗಳ ಸಮೇತ ಇದ್ದಂತೆಯೇ ಬಿಟ್ಟು ಪ್ರವೇಶದ ಪಡಸಾಲೆ ಮಾಡಿದೆವು. ಇನ್ನೊಂದರಲ್ಲಿ ನಾಯಿಗಳ ಹಲಗೆಯ ಉಪಾಯವನ್ನೇ ನಮಗೂ ಅನ್ವಯಿಸಿಕೊಂಡೆವು: ಹಳೆಯ ನೆಲವನ್ನು ಮುಟ್ಟದೆ ಅದರ ಮೇಲೆ ಮರದ ಅಟ್ಟಣೆಯನ್ನು ಎತ್ತರಿಸಿ, ಮುಂದೆ ಯಾರಾದರೂ ಬೇಡವೆಂದರೆ ಕಳಚಿ ತೆಗೆಯುವಂತೆ. ಹಂಡೆಯ ಕೋಣೆ ಅಡುಗೆಮನೆಯಾಯಿತು. ಎರಡು ಅಂಗಳಗಳೂ, ಕಂಬಿಬೇಲಿಯೂ ಉಳಿದವು. ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ಎಂಟು ವಾರದ ಬದಲು ಹದಿನಾಲ್ಕು ವಾರವಾಯಿತು. ಅವಧಿ ವಿಸ್ತರಣೆಗೆ ಒಪ್ಪಿಗೆ ಕೊಡಿ ಎಂದು ಮಿಂಚಂಚೆ ಬಂದರೆ ಕೋಪಿಸಿಕೊಳ್ಳದೆ ಕೊಡಿ, ಕೊಡದಿದ್ದರೆ ತಿರಸ್ಕಾರದ ಪತ್ರ ಬೇಗ ಬರುವ ಸಾಧ್ಯತೆಯೇ ಹೆಚ್ಚು.

ಒಪ್ಪಿಗೆ ಸಿಕ್ಕಿತೆಂದು ಸಿಹಿ ಹಂಚಿದ ಮೇಲೆ ಬಾವಲಿಗಳ ಪರವಾನಗಿಯ ಸರದಿ. ನಿಸರ್ಗ ಸಂರಕ್ಷಣೆಯ ಸರ್ಕಾರಿ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್ ಕೊಡುವ ಈ ಪರವಾನಗಿಗೆ ಯೋಜನಾ ಅನುಮತಿ ಕೈಗೆ ಬಂದ ಮೇಲಷ್ಟೇ ಅರ್ಜಿ ಹಾಕಬೇಕು. ಹೀಗಾಗಿ ಚಾವಣಿಯ ಕೆಲಸ 2024ರ ವಸಂತಕ್ಕೆ ಹೋಯಿತು. ಸ್ಲೇಟಿನ ಕೆಳಗೆ ತೇವವನ್ನು ಹೊರಬಿಡುವ, ಈಗಿನ "ಉಸಿರಾಡುವ" ಹಾಳೆಯನ್ನು ಹಾಕಲು ಬಿಡಲಿಲ್ಲ, ಅದರ ನೂಲಿಗೆ ಬಾವಲಿಗಳ ಉಗುರು ಸಿಕ್ಕಿ ಅವು ಸಾಯುತ್ತವೆ. ಹಳೆಯ ಕಾಲದ ಡಾಂಬರು ಹಾಳೆಯನ್ನೇ ಹಾಕಿದೆವು, ಶಾಖರಕ್ಷಣೆಯ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕಾಯಿತು.

ಅತ್ಯಂತ ಭಯಪಟ್ಟ ದಿನ ಆ ಜೂನ್‌ನಲ್ಲಿ ಬಂದಿತು. ಮಲಗುಕೋಣೆಗಳ ಗೋಡೆಯ ಕೆಳಭಾಗದಲ್ಲಿ ಸೊಂಟದೆತ್ತರಕ್ಕೆ ಬೂದುಬಣ್ಣದ ಗಟ್ಟಿ ಗಾರೆಯಿತ್ತು. ಹಳೆಯ ಗೋಡೆಗೆ ಸಿಮೆಂಟ್ ಶತ್ರು, ಸುಣ್ಣದ ಗಾರೆಯೇ ಮಿತ್ರ ಎಂದು ಎಲ್ಲೆಡೆ ಓದಿದ್ದ ನಾನು, ಇದು ಕರುಗಳ ಕಾಲದ ಸಿಮೆಂಟ್ ಇರಬೇಕೆಂದುಕೊಂಡು ಒಡೆದುಬಿಡಿ ಎಂದೆ. ಮೇಸ್ತ್ರಿ ಮಾರುದ್ದದಷ್ಟು ಕೆತ್ತಿ ನಿಲ್ಲಿಸಿ, ಇದು ತೀರ ಹಳೆಯದು, ಒಳಗಿನ ಇಟ್ಟಿಗೆಯೊಂದಿಗೇ ಬಂದದ್ದು ಎಂದರು. ಅವರ ಮಾತು ನಿಜವಾಗಿತ್ತು. ಇಂಗ್ಲೆಂಡಿನಲ್ಲಿ ರೋಮನ್ ಸಿಮೆಂಟ್‌ಗೆ 1796ರಲ್ಲಿ, ಪೋರ್ಟ್‌ಲೆಂಡ್ ಸಿಮೆಂಟ್‌ಗೆ 1824ರಲ್ಲೇ ಪೇಟೆಂಟ್ ಆಗಿದೆ. ಗೋಡೆಯನ್ನೂ ನೀರು ಹಾಕಿ ತೊಳೆಯಬೇಕಿದ್ದ ಕೆನೆಲ್‌ನಲ್ಲಿ ಕೆಳಭಾಗಕ್ಕೆ ಅದನ್ನು ಬಳಿದಿದ್ದರು. ಅದನ್ನು ಒಡೆಯಲು ನಮಗೆ ಒಪ್ಪಿಗೆಯಿರಲಿಲ್ಲ. ಮುಚ್ಚಿಡುವ ಆಸೆ ಒಂದು ಗಂಟೆ ಕಾಡಿತು. ಕೊನೆಗೆ ಫೋಟೋ ತೆಗೆದು ನಾನೇ ಅಧಿಕಾರಿಗೆ ಬರೆದೆ. ಮೂರು ವಾರ ಕೆಲಸ ನಿಂತಿತು, ತೇಪೆ ಹಾಕಲು ಪ್ರತ್ಯೇಕ ಒಪ್ಪಿಗೆ ಪಡೆಯಬೇಕಾಯಿತು, ಹೆಚ್ಚಿನದೇನೂ ಆಗಲಿಲ್ಲ. ಆ ತೇಪೆ ಈಗಲೂ ಬೇರೆಯಾಗಿಯೇ ಕಾಣುತ್ತದೆ. ಹಾಗೆ ಕಾಣಬೇಕೆಂಬುದು ಅವರ ಷರತ್ತು.

ಮಾಂಸದ ಕೋಣೆಯ ಹಿಂದೆ ಕೊಳವೆಗೆ ಅಗೆದಾಗ ಮೂಳೆಗಳು ಸಿಕ್ಕಿ ಇನ್ನೊಂದು ದಿನ ಕೆಲಸ ನಿಂತಿತು. ದೊಡ್ಡ ಹಲ್ಲುಗಳನ್ನು ನೋಡಿ ಪುರಾತತ್ವದವರು ಕುದುರೆಯದೆಂದು ನಕ್ಕರು. ಕೆಲಸಗಾರರು ನಗಲಿಲ್ಲ.

ಖರ್ಚಿನಲ್ಲಿ ತೆರಿಗೆಯ ಲೆಕ್ಕವನ್ನು ಮೊದಲೇ ತಿಳಿದಿರಿ. ಸಂರಕ್ಷಿತ ಕಟ್ಟಡಗಳ ಮಾರ್ಪಾಡಿಗೆ ಮೌಲ್ಯವರ್ಧಿತ ತೆರಿಗೆಯಿಲ್ಲ ಎಂದು ಈಗಲೂ ಹೇಳುವವರಿದ್ದಾರೆ, ಆ ವಿನಾಯಿತಿ 2012ರ ಅಕ್ಟೋಬರ್‌ನಲ್ಲೇ ಮುಗಿದಿದೆ. ವಾಸಕ್ಕಲ್ಲದ ಕಟ್ಟಡವನ್ನು ಮನೆಯಾಗಿಸುವ ಗುತ್ತಿಗೆಗೆ 20ರ ಬದಲು ಶೇಕಡಾ 5ರ ದರ ಸಿಗುತ್ತದೆ. ಮೊದಲಿನಿಂದಲೂ ಮನೆಯೇ ಆಗಿದ್ದ ಕೆಲಸಗಾರನ ಭಾಗಕ್ಕೆ ಅದು ಸಿಗಬೇಕಾದರೆ ಎರಡು ವರ್ಷ ಖಾಲಿಯಿತ್ತೆಂದು ಸಾಬೀತು ಮಾಡಬೇಕು. ಕೌನ್ಸಿಲ್‌ನಲ್ಲಿ ಖಾಲಿ ಮನೆಗಳನ್ನು ನೋಡಿಕೊಳ್ಳುವ ಅಧಿಕಾರಿಯಿಂದ ಒಂದು ಪತ್ರ ತಂದದ್ದರಿಂದ ನಮಗೆ ಸಾವಿರಾರು ಪೌಂಡ್ ಉಳಿಯಿತು. ಆ ಪತ್ರವನ್ನು ಕೆಲಸ ಶುರುವಾಗುವ ಮುಂಚೆಯೇ ತರಿಸಿಕೊಳ್ಳಿ.

ಮೊನ್ನೆ ಅಪ್ಪ ಬಂದಿದ್ದರು. ಪಡಸಾಲೆಯ ನೆಲ ಓರೆಯಾಗಿರುವುದನ್ನು ಕಂಡು ಮೊದಲ ದಿನ ಏನೂ ಹೇಳಲಿಲ್ಲ. ಎರಡನೆಯ ದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅವರು ಚೆಂಬಿನಲ್ಲಿ ನೀರು ತಂದು ಗೋಡೆಯ ಬುಡದಲ್ಲಿ ಸುರಿದು, ಕೈ ಹಿಂದೆ ಕಟ್ಟಿಕೊಂಡು ಅದರ ಹಿಂದೆಯೇ ಬಾಗಿಲವರೆಗೆ ನಡೆಯುತ್ತಿದ್ದರು. ನೀರು ಮೋರಿ ಸೇರಿದ ಮೇಲೆ, "ವಾಟ ಸರಿಯಾಗೇ ಕೊಟ್ಟಿದ್ದಾರೆ," ಎಂದು ಕಾಫಿ ಕೇಳಿದರು.